ಟೇಪು ಹೊರತೆಗೆಯುವ ಮುನ್ನ: ಗಣಕಯಂತ್ರದ ದಾಖಲೆ ಪ್ರತಿಗಳ ಸುರಕ್ಷತೆ ಕುರಿತು ಗ್ರಾಮ ಪಂಚಾಯತಿ ಸದಸ್ಯರ ತಿಳುವಳಿಕೆಗಾಗಿ



2020ರ ಅಕ್ಟೋಬರ್ ತಿಂಗಳಿನಲ್ಲಿ ಭೀಮಾ ನದಿ ಉಕ್ಕಿ ಹರಿದು ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ನದಿತೀರದ ಗ್ರಾಮಗಳಿಗೆ ನೀರು ನುಗ್ಗಿದ್ದನ್ನು ತಾವು ಮರೆತಿರಲಾರಿರಿ. ಪ್ರವಾಹ ಇಳಿದ ಮೇಲೆ ಮನೆಯ ಗೋಡೆ, ದವಸ, ದನಕರುಗಳ ಚಿಂತೆಯ ಜೊತೆಯಲ್ಲಿಯೇ ಎದ್ದು ನಿಲ್ಲುವ ಇನ್ನೊಂದು ಚಿಂತೆ ಕಾಗದಪತ್ರಗಳದ್ದು. ಮನೆ ಯಾರ ಹೆಸರಿನಲ್ಲಿತ್ತು, ಕರ ಕಟ್ಟಿದ್ದಕ್ಕೆ ರಸೀದಿ ಎಲ್ಲಿದೆ, ಹಾನಿಯ ಪರಿಹಾರಕ್ಕೆ ಯಾವ ದಾಖಲೆ ತೋರಿಸಬೇಕು ಎಂಬ ಪ್ರಶ್ನೆಗಳೆಲ್ಲವೂ ಕೊನೆಗೆ ಬಂದು ನಿಲ್ಲುವುದು ಗ್ರಾಮ ಪಂಚಾಯತಿ ಕಚೇರಿಯ ಮೇಜಿನ ಮುಂದೆಯೇ.

ಈಗ ದಾಖಲೆಗಳು ಗಣಕಯಂತ್ರದಲ್ಲಿ ಇರುವುದರಿಂದ ಇನ್ನು ಭಯವಿಲ್ಲ ಎಂಬ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಇದು ಅರ್ಧ ಸತ್ಯ. ಇ-ಸ್ವತ್ತು, ಪಂಚತಂತ್ರ, ಇ-ಗ್ರಾಮಸ್ವರಾಜ್ ತಂತ್ರಾಂಶಗಳಲ್ಲಿ ನಾವು ನಮೂದಿಸುವ ಮಾಹಿತಿಯು ಕೇಂದ್ರೀಯ ಸರ್ವರ್‌ಗಳಲ್ಲಿ ಸಂಗ್ರಹವಾಗುತ್ತದೆ. ಅದರ ರಕ್ಷಣೆಯ ಹೊಣೆ ಆಯಾ ಕೇಂದ್ರಗಳದ್ದು. ಆದರೆ ಹಳೆಯ ಕರ ನಿರ್ಧರಣಾ ವಹಿಗಳ ಸ್ಕ್ಯಾನ್ ಪ್ರತಿಗಳು, ಬೆರಳಚ್ಚು ಮಾಡಿದ ನಡವಳಿಗಳು, ಕಾಮಗಾರಿಗಳ ಹಂತವಾರು ಛಾಯಾಚಿತ್ರಗಳು, ಗ್ರಾಮಸಭೆಯ ಧ್ವನಿಮುದ್ರಣ, ಫಲಾನುಭವಿಗಳ ಪಟ್ಟಿಯ ಕರಡು ಇವೆಲ್ಲವೂ ಬಹುಪಾಲು ನಮ್ಮ ಕಚೇರಿಯ ಒಂದೇ ಗಣಕಯಂತ್ರದಲ್ಲಿ, ಹೆಚ್ಚೆಂದರೆ ಒಂದು ಪೆನ್ ಡ್ರೈವ್‌ನಲ್ಲಿ ಇರುತ್ತವೆ. ಇವುಗಳಿಗೆ ನಾವೇ ಕಾವಲುಗಾರರು.

ಈ ಪ್ರತಿಗಳು ಹಾಳಾಗುವುದು ಪ್ರವಾಹ, ಬೆಂಕಿ, ಕಳವುಗಳಿಂದ ಮಾತ್ರವಲ್ಲ. ಯಂತ್ರ ಬರೆಯುತ್ತಿರುವಾಗಲೇ ಸಾಧನವನ್ನು ಕಿತ್ತು ತೆಗೆಯುವುದರಿಂದ ಮತ್ತು ಯಂತ್ರ ತಡ ಮಾಡಿದೊಡನೆ ಗುಂಡಿ ಒತ್ತಿ ಮರುಚಾಲನೆ ಮಾಡುವುದರಿಂದಲೂ ಅವು ಹಾಳಾಗುತ್ತವೆ. ಈ ಎರಡು ಕೆಲಸಗಳನ್ನು ಶಿಸ್ತಿನಿಂದ ಮಾಡುವ ಪದ್ಧತಿಯನ್ನು ಟೇಪ್ ಡ್ರೈವ್ ಎಂಬ ಉಪಕರಣದಲ್ಲಿ ಸ್ಪಷ್ಟವಾಗಿ ಕಾಣಬಹುದು. ಆದುದರಿಂದ ಆ ಉಪಕರಣ ಹೇಗೆ ಕೆಲಸ ಮಾಡುತ್ತದೆ, ಅದರಿಂದ ಕಾರ್ಟ್ರಿಜ್ಜನ್ನು ಹೇಗೆ ಹೊರತೆಗೆಯುತ್ತಾರೆ, ಯಾವಾಗ ರೀಸೆಟ್ ಮಾಡುತ್ತಾರೆ ಎಂಬುದನ್ನು ಮೊದಲು ವಿವರಿಸಿ, ಅದು ನಮ್ಮ ಕಚೇರಿಗೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ತಮ್ಮ ಮುಂದಿಡುತ್ತಿದ್ದೇನೆ.

1. ಟೇಪ್ ಡ್ರೈವ್ ಎಂದರೇನು

ನಮ್ಮ ಭಾಗದ ಮನೆಗಳಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನೋ ಭಜನೆಗಳನ್ನೋ ಟೇಪ್ ರೆಕಾರ್ಡರ್‌ನಲ್ಲಿ ಕೇಳುತ್ತಿದ್ದ ಕಾಲವನ್ನು ಹಿರಿಯ ಸದಸ್ಯರು ಬಲ್ಲರು. ಹಾಡು ನಡೆಯುತ್ತಿರುವಾಗಲೇ ಕ್ಯಾಸೆಟ್ಟನ್ನು ಎಳೆದರೆ ಕಂದು ಬಣ್ಣದ ಪಟ್ಟಿ ಯಂತ್ರದ ಗಾಲಿಗೆ ಸುತ್ತಿಕೊಳ್ಳುತ್ತಿತ್ತು. ಅದನ್ನು ಬಿಡಿಸಿ, ಪೆನ್ಸಿಲ್ಲಿನಿಂದ ತಿರುಗಿಸಿ ಒಳಸೇರಿಸುತ್ತಿದ್ದೆವು. ಗಣಕಯಂತ್ರದ ಟೇಪು ಕೂಡ ಅದೇ ಬಗೆಯ ಕಾಂತೀಯ ಪಟ್ಟಿ. ವ್ಯತ್ಯಾಸವೆಂದರೆ ಅದರ ಮೇಲೆ ಹಾಡಿನ ಬದಲು ದತ್ತಾಂಶ ದಾಖಲಾಗಿರುತ್ತದೆ.

ಗಣಕಯಂತ್ರಕ್ಕೆ ಟೇಪನ್ನು ಬಳಸುವುದು 1951ರಲ್ಲಿ ಅಮೆರಿಕದ ಯೂನಿವ್ಯಾಕ್ ಯಂತ್ರದೊಂದಿಗೆ ಆರಂಭವಾಯಿತು. ಮರುವರ್ಷ ಐಬಿಎಂ ಸಂಸ್ಥೆಯ 726 ಎಂಬ ಟೇಪ್ ಘಟಕ ಬಂದಿತು. ಈಗ ಹೆಚ್ಚು ಬಳಕೆಯಲ್ಲಿರುವುದು 2000ನೇ ಇಸವಿಯಲ್ಲಿ ಮಾರುಕಟ್ಟೆಗೆ ಬಂದ ಎಲ್‌ಟಿಒ ಎಂಬ ಮಾದರಿ. ಅದರ ಮೊದಲ ಪೀಳಿಗೆಯ ಒಂದು ಕಾರ್ಟ್ರಿಜ್ 100 ಗಿಗಾಬೈಟ್ ಹಿಡಿಯುತ್ತಿತ್ತು. ಒಂಬತ್ತನೆಯ ಪೀಳಿಗೆಯದು 18 ಟೆರಾಬೈಟ್, ಅಂದರೆ ಅದರ 180 ಪಟ್ಟು ಹಿಡಿಯುತ್ತದೆ. ಅಂಗೈ ಅಗಲದ ಆ ಡಬ್ಬಿಯೊಳಗೆ ಅರ್ಧ ಇಂಚು ಅಗಲದ, 1,035 ಮೀಟರ್ ಉದ್ದದ ಪಟ್ಟಿ ಸುತ್ತಿಕೊಂಡಿರುತ್ತದೆ. ಒಂದು ಕಿಲೋಮೀಟರಿಗೂ ಮಿಕ್ಕಿದ ಪಟ್ಟಿ ಅದು ಎಂಬುದನ್ನು ನೆನಪಿನಲ್ಲಿಡಬೇಕು. ಮುಂದಿನ ವಿವರಣೆಗೆ ಇದು ಬೇಕಾಗುತ್ತದೆ.

ನಮ್ಮ ಯಾವ ಗ್ರಾಮ ಪಂಚಾಯತಿಗೂ ಟೇಪ್ ಡ್ರೈವ್ ಬೇಕಾಗಿಲ್ಲ. ಅದು ದೊಡ್ಡ ದತ್ತಾಂಶ ಕೇಂದ್ರಗಳು, ಬ್ಯಾಂಕುಗಳು, ಸಂಶೋಧನಾ ಸಂಸ್ಥೆಗಳ ಉಪಕರಣ. ಇಷ್ಟು ಹಳೆಯ ತಂತ್ರಜ್ಞಾನವನ್ನು ಇಂದಿಗೂ ಬಿಡದಿರಲು ಮುಖ್ಯ ಕಾರಣ, ಹೊರತೆಗೆದು ಕಪಾಟಿನಲ್ಲಿಟ್ಟ ಕಾರ್ಟ್ರಿಜ್ಜನ್ನು ಯಾವ ವೈರಸ್ಸೂ, ತಂತ್ರಾಂಶದ ಯಾವ ದೋಷವೂ ಮುಟ್ಟಲಾರದು ಎಂಬುದು. 2011ರ ಫೆಬ್ರವರಿ ಕೊನೆಯಲ್ಲಿ ಗೂಗಲ್ ಸಂಸ್ಥೆಯ ಜಿಮೇಲ್ ಸೇವೆಯಲ್ಲಿ ತಂತ್ರಾಂಶದ ದೋಷವೊಂದರಿಂದ ಶೇಕಡ 0.02ರಷ್ಟು ಬಳಕೆದಾರರ ಪತ್ರಗಳು ಕಾಣೆಯಾದವು. ಆ ಪತ್ರಗಳ ಪ್ರತಿಗಳು ಬೇರೆ ಬೇರೆ ದತ್ತಾಂಶ ಕೇಂದ್ರಗಳಲ್ಲಿದ್ದರೂ ದೋಷವು ಆ ಪ್ರತಿಗಳನ್ನೂ ತಟ್ಟಿತ್ತು. ಕೊನೆಗೆ ಅವುಗಳನ್ನು ಮರಳಿ ತಂದದ್ದು ಸಂಪರ್ಕದಿಂದ ಬೇರ್ಪಡಿಸಿ ಇಟ್ಟಿದ್ದ ಟೇಪುಗಳಿಂದ. ಜಗತ್ತಿನ ಅತಿ ದೊಡ್ಡ ಸಂಸ್ಥೆಗಳಲ್ಲೊಂದು ಕಲಿತ ಈ ಪಾಠ ನಮ್ಮ ಕಚೇರಿಗೂ ಸಲ್ಲುತ್ತದೆ: ಯಂತ್ರಕ್ಕೆ ಸದಾ ಜೋಡಿಸಿಯೇ ಇಟ್ಟ ಪ್ರತಿಯನ್ನು ಪೂರ್ಣ ಅರ್ಥದಲ್ಲಿ ಎರಡನೆಯ ಪ್ರತಿ ಎನ್ನಲಾಗದು. ಪ್ರತಿಯನ್ನು ಹೊರತೆಗೆದು ಬೇರೆ ಇಡಬೇಕು. ಹಾಗೆ ಹೊರತೆಗೆಯುವ ಕ್ಷಣವೇ ಅದು ಹಾಳಾಗುವ ಅಪಾಯದ ಕ್ಷಣವೂ ಹೌದು.

2. ಕಾರ್ಟ್ರಿಜ್ ಹೊರಬರುವ ಮುನ್ನ ಒಳಗೆ ನಡೆಯುವುದೇನು

ಹಾಡಿನ ಕ್ಯಾಸೆಟ್ಟಿನಲ್ಲಿ ಎರಡು ಉರುಳೆಗಳಿರುತ್ತಿದ್ದವು. ಎಲ್‌ಟಿಒ ಕಾರ್ಟ್ರಿಜ್ಜಿನಲ್ಲಿ ಇರುವುದು ಒಂದೇ ಉರುಳೆ. ಎರಡನೆಯದು ಡ್ರೈವ್‌ನ ಒಳಗಿರುತ್ತದೆ. ಕಾರ್ಟ್ರಿಜ್ಜನ್ನು ಒಳಗೆ ತಳ್ಳಿದಾಗ ಡ್ರೈವ್ ಪಟ್ಟಿಯ ತುದಿಯಲ್ಲಿರುವ ಲೋಹದ ಸಣ್ಣ ಕಡ್ಡಿಯನ್ನು ಹಿಡಿದು, ಪಟ್ಟಿಯನ್ನು ಹೊರಕ್ಕೆಳೆದು ತನ್ನ ಉರುಳೆಗೆ ಸುತ್ತಿಕೊಳ್ಳುತ್ತದೆ. ಕೆಲಸ ನಡೆಯುತ್ತಿರುವಾಗ ನೂರಾರು ಮೀಟರ್ ಪಟ್ಟಿ ಕಾರ್ಟ್ರಿಜ್ಜಿನ ಹೊರಗೆ, ಡ್ರೈವ್‌ನ ಹೊಟ್ಟೆಯೊಳಗೆ ಇರಬಹುದು. ಬಾವಿಗೆ ಇಳಿಬಿಟ್ಟ ಹಗ್ಗದಂತೆ ಅದನ್ನು ಪೂರ್ತಿ ಮೇಲೆ ಸೇದಿಕೊಳ್ಳದೆ ಕೊಡವನ್ನು ಬಿಚ್ಚಲಾಗದು.

ಆದುದರಿಂದ ಹೊರತೆಗೆಯುವ ಆದೇಶ ಬಂದಾಗ ಡ್ರೈವ್ ಈ ಕೆಲಸಗಳನ್ನು ಒಂದಾದ ಮೇಲೊಂದರಂತೆ ಮಾಡುತ್ತದೆ.

ಮೊದಲನೆಯದು, ತನ್ನ ತಾತ್ಕಾಲಿಕ ಸ್ಮೃತಿಯಲ್ಲಿ ಉಳಿದಿರುವ ದತ್ತಾಂಶವನ್ನು ಪಟ್ಟಿಯ ಮೇಲೆ ಬರೆದು ಮುಗಿಸುತ್ತದೆ. ಗಣಕಯಂತ್ರ ಕಳುಹಿಸಿದ್ದೆಲ್ಲ ಕೂಡಲೇ ಪಟ್ಟಿಯ ಮೇಲೆ ಇಳಿಯುವುದಿಲ್ಲ. ಸ್ವಲ್ಪ ಭಾಗ ಯಾವಾಗಲೂ ಸರದಿಯಲ್ಲಿ ಕಾಯುತ್ತಿರುತ್ತದೆ.

ಎರಡನೆಯದು, ದತ್ತಾಂಶ ಇಲ್ಲಿಗೆ ಮುಗಿಯಿತು ಎಂಬ ಗುರುತನ್ನು ಹಾಕುತ್ತದೆ. ನಡವಳಿ ಪುಸ್ತಕದಲ್ಲಿ ಕೊನೆಯ ಠರಾವಿನ ಕೆಳಗೆ ಗೆರೆ ಎಳೆದು ಸಹಿ ಹಾಕಿದಂತೆ ಇದು. ಈ ಗುರುತು ಇಲ್ಲದಿದ್ದರೆ ಬರಹ ಎಲ್ಲಿ ನಿಂತಿದೆ ಎಂಬುದು ಮುಂದಿನ ಬಾರಿ ಓದುವ ಯಂತ್ರಕ್ಕೆ ತಿಳಿಯುವುದಿಲ್ಲ.

ಮೂರನೆಯದು, ಪಟ್ಟಿಯನ್ನು ಆದಿಯವರೆಗೂ ಹಿಂದಕ್ಕೆ ಸುತ್ತಿ ಕಾರ್ಟ್ರಿಜ್ಜಿಗೆ ಸೇರಿಸುತ್ತದೆ.

ನಾಲ್ಕನೆಯದು, ಕಾರ್ಟ್ರಿಜ್ಜಿನ ಮೂಲೆಯಲ್ಲಿರುವ ಸಣ್ಣ ಚಿಪ್‌ನಲ್ಲಿ ಬಳಕೆಯ ವಿವರವನ್ನು ನಮೂದಿಸಿ, ಲೋಹದ ಕಡ್ಡಿಯನ್ನು ಅದರ ಸ್ಥಾನದಲ್ಲಿ ಕೂರಿಸಿ, ಕಾರ್ಟ್ರಿಜ್ಜನ್ನು ಹೊರಕ್ಕೆ ತಳ್ಳುತ್ತದೆ.

ಗುಂಡಿ ಒತ್ತಿದ ಮೇಲೂ ಕಾರ್ಟ್ರಿಜ್ ಒಂದೆರಡು ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಹೊರಬಾರದಿರಲು ಇದೇ ಕಾರಣ. ಯಂತ್ರ ಕೆಟ್ಟಿದೆ ಎಂದು ನಾವು ಭಾವಿಸುವ ಆ ಹೊತ್ತಿನಲ್ಲಿ ಯಂತ್ರ ತನ್ನ ಅತಿ ಮುಖ್ಯವಾದ ಕೆಲಸವನ್ನು ಮಾಡುತ್ತಿರುತ್ತದೆ. ಹೊರತೆಗೆಯುವುದು ಬರೆಯುವ ಕೆಲಸದ ಕೊನೆಯ ಹಂತವೇ ಹೊರತು ಬೇರೊಂದು ಕೆಲಸವಲ್ಲ.

3. ಕಾರ್ಟ್ರಿಜ್ ಹೊರಬಾರದಿದ್ದಾಗ ಅನುಸರಿಸುವ ಕ್ರಮ

ಕಾರ್ಟ್ರಿಜ್ ಸಿಕ್ಕಿಕೊಂಡಂತೆ ತೋರಿದಾಗ ಕಾರಣ ನಾಲ್ಕರಲ್ಲೊಂದು ಆಗಿರುತ್ತದೆ: ಡ್ರೈವ್ ಇನ್ನೂ ಕೆಲಸದಲ್ಲಿದೆ, ಬ್ಯಾಕಪ್ ತಂತ್ರಾಂಶ ಅದಕ್ಕೆ ಬೀಗ ಹಾಕಿದೆ, ಡ್ರೈವ್‌ನ ಒಳಗಿನ ನಿಯಂತ್ರಣ ತಂತ್ರಾಂಶ ಸ್ತಬ್ಧವಾಗಿದೆ, ಅಥವಾ ಪಟ್ಟಿಯೋ ಕಡ್ಡಿಯೋ ನಿಜವಾಗಿ ಸಿಕ್ಕಿಕೊಂಡಿದೆ. ಎರಡನೆಯ ಕಾರಣವನ್ನು ವಿಶೇಷವಾಗಿ ಗಮನಿಸಬೇಕು. ಪ್ರತಿ ತೆಗೆಯುತ್ತಿರುವಾಗ ಯಾರೂ ಕಾರ್ಟ್ರಿಜ್ಜನ್ನು ತೆಗೆಯದಿರಲೆಂದು ತಂತ್ರಾಂಶವೇ ಹೊರತೆಗೆಯುವ ಗುಂಡಿಯನ್ನು ನಿಷ್ಕ್ರಿಯಗೊಳಿಸುತ್ತದೆ. ಆ ತಂತ್ರಾಂಶ ನಡುವೆ ನಿಂತುಹೋದರೆ ಬೀಗ ಹಾಗೆಯೇ ಉಳಿಯುತ್ತದೆ. ಆಗ ಗುಂಡಿಯನ್ನು ಎಷ್ಟು ಬಾರಿ ಒತ್ತಿದರೂ ಫಲವಿಲ್ಲ, ಆದರೆ ಡ್ರೈವ್ ಕೆಟ್ಟಿಲ್ಲ.

ಈ ಕಾರಣಗಳಿಗೆ ತಕ್ಕಂತೆ ಕ್ರಮಗಳನ್ನು ಸೌಮ್ಯದಿಂದ ಕಠಿಣದ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಕೈಗೊಳ್ಳುತ್ತಾರೆ.

(ಅ) ಡ್ರೈವ್‌ನ ದೀಪವನ್ನು ನೋಡಿ ಕಾಯುವುದು. ದೀಪ ಮಿನುಗುತ್ತಿದ್ದರೆ ಕೆಲಸ ನಡೆದಿದೆ ಎಂದರ್ಥ.

(ಆ) ಬ್ಯಾಕಪ್ ತಂತ್ರಾಂಶದ ಮೂಲಕವೇ ಹೊರತೆಗೆಯುವ ಆದೇಶ ನೀಡುವುದು. ಬೀಗ ಹಾಕಿದವರೇ ಬೀಗ ತೆಗೆಯುವುದು ಸರಿಯಾದ ಮಾರ್ಗ.

(ಇ) ತಂತ್ರಾಂಶ ಸ್ಪಂದಿಸದಿದ್ದರೆ ಅದನ್ನು ಕ್ರಮಬದ್ಧವಾಗಿ ಮುಚ್ಚಿ, ಗಣಕಯಂತ್ರದ ಕಾರ್ಯಾಚರಣಾ ವ್ಯವಸ್ಥೆಯ ಮೂಲಕ ಹಿಂದಕ್ಕೆ ಸುತ್ತಿ ಹೊರತೆಗೆಯುವ ಆದೇಶ ನೀಡುವುದು.

(ಈ) ಡ್ರೈವ್‌ನ ಗುಂಡಿಯನ್ನು ಒಮ್ಮೆ ಒತ್ತಿ, ಪಟ್ಟಿ ಪೂರ್ತಿ ಹಿಂದಕ್ಕೆ ಸುತ್ತಿಕೊಳ್ಳುವಷ್ಟು ಕಾಲ ಕಾಯುವುದು. ಮತ್ತೆ ಮತ್ತೆ ಒತ್ತಬಾರದು.

(ಉ) ಗುಂಡಿಯನ್ನು ಒತ್ತಿ ಹಿಡಿದು ಬಲವಂತವಾಗಿ ಹೊರತೆಗೆಯುವುದು. ಕೆಲವು ಡ್ರೈವ್‌ಗಳಲ್ಲಿ ಸುಮಾರು 5 ಸೆಕೆಂಡು ಒತ್ತಿ ಹಿಡಿದರೆ ಬಲವಂತದ ಹೊರತೆಗೆಯುವಿಕೆ, 10 ಸೆಕೆಂಡು ಒತ್ತಿ ಹಿಡಿದರೆ ಡ್ರೈವ್‌ನ ರೀಸೆಟ್ ಆಗುತ್ತದೆ. ಇದು ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ಕೈಪಿಡಿಯನ್ನು ಓದಿಯೇ ಮಾಡಬೇಕು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಆ ಕ್ಷಣದಲ್ಲಿ ಬರೆಯುತ್ತಿದ್ದ ದತ್ತಾಂಶ ನಷ್ಟವಾಗುತ್ತದೆ, ಮತ್ತು ದತ್ತಾಂಶದ ಅಂತ್ಯದ ಗುರುತು ಸರಿಯಾಗಿ ಬೀಳದೆ ಹೋಗಬಹುದು.

(ಊ) ಡ್ರೈವನ್ನು ರೀಸೆಟ್ ಮಾಡುವುದು, ಅಂದರೆ ಅದರ ಒಳಗಿನ ನಿಯಂತ್ರಣ ತಂತ್ರಾಂಶ ಹೊಸದಾಗಿ ಆರಂಭವಾಗುವಂತೆ ಮಾಡುವುದು. ಅದೂ ಫಲಿಸದಿದ್ದರೆ ಮಾತ್ರ ವಿದ್ಯುತ್ತನ್ನು ತೆಗೆದು ಮತ್ತೆ ಕೊಡುವುದು.

(ಋ) ಆಗಲೂ ಹೊರಬಾರದಿದ್ದರೆ ತಂತ್ರಜ್ಞರನ್ನು ಕರೆಯುವುದು. ಚಾಕು, ಇಕ್ಕಳ, ಸ್ಕ್ರೂಡ್ರೈವರ್‌ಗಳಿಂದ ಎಳೆಯುವುದು ಪಟ್ಟಿಯನ್ನೂ ಡ್ರೈವನ್ನೂ ಒಟ್ಟಿಗೆ ಕಳೆದುಕೊಳ್ಳುವ ದಾರಿ.

ಬಲವಂತವಾಗಿ ಹೊರತೆಗೆದ ಕಾರ್ಟ್ರಿಜ್ಜನ್ನು ಸುಮ್ಮನೆ ಕಪಾಟಿಗೆ ಸೇರಿಸುವಂತಿಲ್ಲ. ಅದರ ಮೇಲೆ ದಿನಾಂಕ ಮತ್ತು ಕಾರಣವನ್ನು ಬರೆದು ಬೇರೆ ಇಟ್ಟು, ಓದಿ ಪರೀಕ್ಷಿಸಿ, ಆ ದಿನದ ಪ್ರತಿಯನ್ನು ಬೇರೊಂದು ಕಾರ್ಟ್ರಿಜ್ಜಿನಲ್ಲಿ ಮತ್ತೆ ತೆಗೆಯಬೇಕು. ಪ್ರತಿ ಇದೆ ಎಂಬ ಸುಳ್ಳು ಧೈರ್ಯವು ಪ್ರತಿಯೇ ಇಲ್ಲದಿರುವುದಕ್ಕಿಂತ ಹೆಚ್ಚು ಅಪಾಯಕಾರಿ.

4. ನಮ್ಮ ಕಚೇರಿಯಲ್ಲಿ ಇದರ ಅನ್ವಯ

ನಮ್ಮಲ್ಲಿ ಟೇಪಿನ ಸ್ಥಾನದಲ್ಲಿರುವುದು ಪೆನ್ ಡ್ರೈವ್ ಮತ್ತು ಹೊರಜೋಡಣೆಯ ಹಾರ್ಡ್ ಡಿಸ್ಕ್. ಇವುಗಳಲ್ಲಿ ಸುತ್ತಿಕೊಳ್ಳುವ ಪಟ್ಟಿಯಿಲ್ಲ, ಹಿಡಿದು ನಿಲ್ಲಿಸುವ ಬೀಗವೂ ಇಲ್ಲ. ಟೇಪ್ ಡ್ರೈವ್ ನಮ್ಮ ಅವಸರವನ್ನು ತಡೆಯುತ್ತದೆ. ಪೆನ್ ಡ್ರೈವ್ ತಡೆಯುವುದಿಲ್ಲ, ಎಳೆದ ಕೂಡಲೇ ಕೈಗೆ ಬರುತ್ತದೆ. ಅಪಾಯ ಹೆಚ್ಚುವುದೇ ಈ ಕಾರಣದಿಂದ.

ಈ ವಿಷಯದಲ್ಲಿ ನಾನು ಕಲಿತ ಪಾಠ ಪುಸ್ತಕದ್ದಲ್ಲ. ಇಂಜಿನಿಯರಿಂಗ್ ಪದವಿ ಪಡೆದು ಈ ಸೇವೆಗೆ ಬಂದ ಆರಂಭದ ವರ್ಷಗಳಲ್ಲಿ ನಾನು ಕೆಲಸ ಮಾಡುತ್ತಿದ್ದ ಒಂದು ಗ್ರಾಮ ಪಂಚಾಯತಿಯಲ್ಲಿ ಹಳೆಯ ಮನೆ ಕರ ವಹಿಗಳನ್ನು ಸ್ಕ್ಯಾನ್ ಮಾಡುವ ಕೆಲಸ ಕೈಗೊಂಡಿದ್ದೆವು. ಹಾಳೆಗಳು ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿದ್ದವು. ಎರಡು ವಾರ ಕುಳಿತು ಸ್ಕ್ಯಾನ್ ಮಾಡಿದ ಕಡತಗಳನ್ನು ಒಂದು ಸಂಜೆ ಹಾರ್ಡ್ ಡಿಸ್ಕಿಗೆ ವರ್ಗಾಯಿಸುತ್ತಿದ್ದಾಗ ವಿದ್ಯುತ್ ಹೋಯಿತು. ಯುಪಿಎಸ್ ಬ್ಯಾಟರಿ ಹಳೆಯದಾಗಿದ್ದರಿಂದ ಎರಡು ನಿಮಿಷಕ್ಕೇ ಕೂಗತೊಡಗಿತು. ಯಂತ್ರ ನಿಲ್ಲುವ ಮೊದಲು ಡಿಸ್ಕನ್ನಾದರೂ ಉಳಿಸೋಣವೆಂದು ಸಿಬ್ಬಂದಿ ಅದರ ವೈರನ್ನು ಕಿತ್ತರು. ಮರುದಿನ ಡಿಸ್ಕನ್ನು ಜೋಡಿಸಿದಾಗ, ಇದನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು ಎಂಬ ಸೂಚನೆ ಪರದೆಯ ಮೇಲೆ ಬಂದಿತು. ಯಂತ್ರವೇ ಹೇಳುತ್ತಿದೆಯಲ್ಲ ಎಂದು ಒಪ್ಪಿಗೆ ಒತ್ತಲಾಯಿತು. ಅಲ್ಲಿಗೆ ಮುಗಿಯಿತು. ಕಡತಗಳನ್ನು ನಕಲು ಮಾಡದೆ ಸ್ಥಳಾಂತರಿಸಲಾಗಿತ್ತು. ಆದ್ದರಿಂದ ಡಿಸ್ಕಿಗೆ ಹೋಗಿದ್ದ ಭಾಗ ಗಣಕಯಂತ್ರದಿಂದಲೂ ಅಳಿಸಿಹೋಗಿತ್ತು.

ವಹಿಗಳು ಇನ್ನೂ ಇದ್ದವು, ಮತ್ತೆ ಸ್ಕ್ಯಾನ್ ಮಾಡಿದೆವು. ಆದರೆ ಮೊದಲ ಸಲ ಬಿಡಿಸುವಾಗಲೇ ಅಂಚು ಹರಿದಿದ್ದ ಕೆಲವು ಹಾಳೆಗಳಲ್ಲಿ ಎರಡನೆಯ ಸಲಕ್ಕೆ ಕೆಲವು ಸಾಲುಗಳು ಉಳಿದಿರಲಿಲ್ಲ. ಅಂಥ ಒಂದು ಹಾಳೆಯಲ್ಲಿದ್ದ ಮನೆ, ಗಂಡನ ಹೆಸರಿನಿಂದ ತಮ್ಮ ಹೆಸರಿಗೆ ಖಾತೆ ಬದಲಾಯಿಸಿಕೊಳ್ಳಲು ಅರ್ಜಿ ಕೊಟ್ಟಿದ್ದ ಒಬ್ಬ ವೃದ್ಧೆಯದ್ದು. ಹಳೆಯ ರಸೀದಿಗಳು, ನೆರೆಯವರ ಹೇಳಿಕೆ, ಸ್ಥಳ ಪರಿಶೀಲನೆ ಎಂದು ಆ ತಾಯಿ ತಿಂಗಳುಗಟ್ಟಲೆ ಕಚೇರಿಯ ಮೆಟ್ಟಿಲು ಹತ್ತಿ ಇಳಿದರು. ಕೊನೆಗೆ ಕೆಲಸವಾಯಿತು. ಆದರೂ ಅವರು ಪ್ರತಿ ಬಾರಿ ಬಂದಾಗಲೂ ನನಗೆ ತಿಳಿದಿತ್ತು: ಅವರ ಮನೆಯ ಸಾಲು ಒಂದು ಸಂಜೆ ನಮ್ಮ ಯಂತ್ರದಲ್ಲಿ ಸ್ಪಷ್ಟವಾಗಿ ಇತ್ತು. ಸಿಬ್ಬಂದಿಯನ್ನು ದೂರುವಂತಿರಲಿಲ್ಲ. ವಿದ್ಯುತ್ ಹೋದಾಗ ಏನು ಮಾಡಬೇಕೆಂದು ನಾನು ಅವರಿಗೆ ಎಂದೂ ಹೇಳಿಕೊಟ್ಟಿರಲಿಲ್ಲ.

ಆ ದಿನದಿಂದ ನಾನು ಪಾಲಿಸುತ್ತಿರುವ ಕ್ರಮ ಹೀಗಿದೆ.

ಮೊದಲು ನಕಲು ಮಾಡಬೇಕು, ಸ್ಥಳಾಂತರಿಸಬಾರದು. ಹೊಸ ಪ್ರತಿಯನ್ನು ತೆರೆದು ನೋಡಿದ ಮೇಲೆಯೇ ಹಳೆಯದನ್ನು ಅಳಿಸುವ ಮಾತು.

ನಕಲು ಮುಗಿಯಿತೆಂದು ಪರದೆ ತೋರಿಸಿದ ಮೇಲೂ ಸಾಧನದ ದೀಪ ಮಿನುಗುವುದು ನಿಲ್ಲುವವರೆಗೆ ಕಾಯಬೇಕು. ಟೇಪ್ ಡ್ರೈವ್‌ನಲ್ಲಿ ಇದ್ದಂತೆ ಇಲ್ಲಿಯೂ ಸ್ವಲ್ಪ ಭಾಗ ಸರದಿಯಲ್ಲಿ ಕಾಯುತ್ತಿರಬಹುದು.

ಬಳಿಕ ಪರದೆಯ ಕೆಳಮೂಲೆಯಲ್ಲಿರುವ ಸಾಧನದ ಚಿಹ್ನೆಯನ್ನು ಒತ್ತಿ, ಸುರಕ್ಷಿತವಾಗಿ ಹೊರತೆಗೆಯುವ ಆದೇಶ ನೀಡಬೇಕು. ವಿಂಡೋಸ್ 10ರ 1809ನೇ ಆವೃತ್ತಿಯಿಂದ ಈಚೆಗೆ ಆದೇಶವಿಲ್ಲದೆ ತೆಗೆದರೂ ತೊಂದರೆಯಾಗದಂತೆ ವ್ಯವಸ್ಥೆ ಬದಲಾಗಿದೆ ಎಂದು ಕೆಲವರು ಹೇಳುವುದುಂಟು. ಆ ಬದಲಾವಣೆ ನಿಜ, ಆದರೆ ಬರೆಯುವ ಕೆಲಸ ನಡೆಯುತ್ತಿರುವಾಗ ತೆಗೆದರೆ ಅದು ರಕ್ಷಿಸುವುದಿಲ್ಲ. ಒಂದು ಕ್ಷಣದ ಆದೇಶಕ್ಕೆ ಉದಾಸೀನ ಬೇಡ.

ಸಾಧನ ಬಳಕೆಯಲ್ಲಿದೆ, ಈಗ ತೆಗೆಯಲಾಗದು ಎಂಬ ಉತ್ತರ ಬಂದರೆ ಅದನ್ನು ಟೇಪ್ ಡ್ರೈವ್‌ನ ಬೀಗದಂತೆ ಭಾವಿಸಬೇಕು. ಆ ಸಾಧನದಿಂದ ತೆರೆದಿರುವ ಕಡತಗಳನ್ನು ಮುಚ್ಚಿ ಮತ್ತೆ ಪ್ರಯತ್ನಿಸಬೇಕು. ಆಗಲೂ ಆಗದಿದ್ದರೆ ಗಣಕಯಂತ್ರವನ್ನು ಕ್ರಮಬದ್ಧವಾಗಿ ಆರಿಸಿ, ಪೂರ್ತಿ ನಿಂತ ಮೇಲೆ ಸಾಧನವನ್ನು ತೆಗೆಯಬೇಕು.

ಫಾರ್ಮ್ಯಾಟ್ ಮಾಡಲೇ ಎಂದು ಯಂತ್ರ ಕೇಳಿದರೆ ಬೇಡ ಎಂಬುದೇ ಉತ್ತರ. ಆ ಸಾಧನದ ಮೇಲೆ ಮತ್ತೇನನ್ನೂ ಬರೆಯದೆ ತಂತ್ರಜ್ಞರಿಗೆ ತೋರಿಸಿದರೆ ದತ್ತಾಂಶ ಮರಳಿ ಸಿಗುವ ಸಾಧ್ಯತೆ ಉಳಿಯುತ್ತದೆ.

ವಿದ್ಯುತ್ ಹೋದಾಗ ಯುಪಿಎಸ್ ಇರುವಷ್ಟು ಹೊತ್ತಿನಲ್ಲಿ ನಕಲನ್ನು ರದ್ದುಗೊಳಿಸಿ, ಸಾಧನವನ್ನು ಸುರಕ್ಷಿತವಾಗಿ ಬಿಡಿಸಿ, ಯಂತ್ರವನ್ನು ಆರಿಸಬೇಕು. ಇದಕ್ಕೆ ಐದಾರು ನಿಮಿಷ ಸಾಕು, ಆದರೆ ಯುಪಿಎಸ್ ಅಷ್ಟು ಹೊತ್ತು ನಿಲ್ಲಲೇಬೇಕು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಯುಪಿಎಸ್ ಬ್ಯಾಟರಿಗಳು ಬೇಗ ಸೋಲುತ್ತವೆ ಎಂಬುದನ್ನು ಗಮನಿಸಬೇಕು.

5. ರೀಸೆಟ್ ಎಂಬ ಒಂದು ಪದ, ಎರಡು ಅರ್ಥ

ದೂರವಾಣಿಯಲ್ಲಿ ಸಲಹೆ ಕೊಡುವವರು ರೀಸೆಟ್ ಮಾಡಿ ನೋಡಿ ಎಂದು ಹೇಳುವುದುಂಟು. ಈ ಪದಕ್ಕೆ ಬಳಕೆಯಲ್ಲಿ ಎರಡು ಬೇರೆ ಅರ್ಥಗಳಿವೆ. ಒಂದು, ಯಂತ್ರವನ್ನು ಹೊಸದಾಗಿ ಆರಂಭಿಸುವುದು. ಇದರಲ್ಲಿ ಸಂಗ್ರಹವಾದ ಮಾಹಿತಿ ಉಳಿಯುತ್ತದೆ. ಇನ್ನೊಂದು, ಯಂತ್ರವನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸುವುದು. ಇದರಲ್ಲಿ ಮಾಹಿತಿ ಅಳಿಯುತ್ತದೆ. ಯಾವ ರೀಸೆಟ್ ಎಂದು ಕೇಳದೆ ಗುಂಡಿ ಒತ್ತಬಾರದು.

ಅಧ್ಯಕ್ಷರು ಇದನ್ನು ವಿಶೇಷವಾಗಿ ಗಮನಿಸಬೇಕು. ಇ-ಗ್ರಾಮಸ್ವರಾಜ್ ಮೂಲಕ ನಡೆಯುವ ಪಾವತಿಗಳಿಗೆ ಬಳಸುವ ಡಿಜಿಟಲ್ ಸಹಿಯು ಒಂದು ಸಣ್ಣ ಸಾಧನದೊಳಗೆ, ಅಂದರೆ ನಾವು ಡಾಂಗಲ್ ಎಂದು ಕರೆಯುವ ವಸ್ತುವಿನೊಳಗೆ ಇರುತ್ತದೆ. ಗುಪ್ತಪದವನ್ನು ಹಲವು ಬಾರಿ ತಪ್ಪಾಗಿ ಒತ್ತಿದರೆ ಅದು ಬೀಗ ಹಾಕಿಕೊಳ್ಳುತ್ತದೆ. ಆಗ ಅದನ್ನು ಹೊಸದಾಗಿ ಸಿದ್ಧಗೊಳಿಸುವ ಆಯ್ಕೆಯನ್ನು ಒತ್ತಿದರೆ ಒಳಗಿರುವ ಸಹಿ ಪ್ರಮಾಣಪತ್ರವೇ ಅಳಿದುಹೋಗುತ್ತದೆ. ಹೊಸದನ್ನು ಪಡೆದು ನೋಂದಾಯಿಸುವವರೆಗೆ ಪಾವತಿಗಳು ನಿಲ್ಲುತ್ತವೆ. ಅಲ್ಲದೆ ಈ ಸಾಧನ ತಮ್ಮ ಸಹಿಗೆ ಸಮಾನ. ಕೆಲಸ ಮುಗಿದೊಡನೆ ಅದನ್ನು ಹೊರತೆಗೆದು ತಾವೇ ಇಟ್ಟುಕೊಳ್ಳಬೇಕು. ಯಂತ್ರದಲ್ಲಿಯೇ ಬಿಟ್ಟುಹೋಗುವುದು ಖಾಲಿ ಚೆಕ್ಕಿಗೆ ಸಹಿ ಮಾಡಿ ಮೇಜಿನ ಮೇಲಿಟ್ಟು ಹೋದಂತೆ.

ಮರುಚಾಲನೆಯ ಕುರಿತು ಇನ್ನೊಂದು ಮಾತು. ಸಂಜೆ ಆರಿಸಿ ಬೆಳಿಗ್ಗೆ ಹಚ್ಚಿದರೂ ತೊಂದರೆ ಹಾಗೆಯೇ ಇದೆ ಎಂಬ ದೂರು ಸಾಮಾನ್ಯ. ವಿಂಡೋಸ್‌ನ ಈಚಿನ ಆವೃತ್ತಿಗಳಲ್ಲಿ ಬೇಗ ಆರಂಭವಾಗಲೆಂದು ಯಂತ್ರವು ಆರಿಸುವಾಗ ತನ್ನ ಸ್ಥಿತಿಯ ಒಂದು ಭಾಗವನ್ನು ಉಳಿಸಿಕೊಂಡು ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಆದುದರಿಂದ ಹಳೆಯ ತೊಡಕು ಜೊತೆಗೇ ಬರಬಹುದು. ರೀಸ್ಟಾರ್ಟ್ ಎಂಬ ಆಯ್ಕೆಯಲ್ಲಿ ಹೀಗಾಗದೆ ಯಂತ್ರ ಪೂರ್ತಿ ಹೊಸದಾಗಿ ಆರಂಭವಾಗುತ್ತದೆ. ಕಡತಗಳನ್ನು ಉಳಿಸಿ, ತಂತ್ರಾಂಶಗಳನ್ನು ಮುಚ್ಚಿ, ಆ ಆಯ್ಕೆಯನ್ನು ಬಳಸಬೇಕು. ವಿದ್ಯುತ್ ಗುಂಡಿಯನ್ನು ಒತ್ತಿ ಹಿಡಿದು ಆರಿಸುವುದು, ಟೇಪ್ ಡ್ರೈವ್‌ನ ವಿಷಯದಲ್ಲಿ ಹೇಳಿದಂತೆ, ಬೇರೆ ಯಾವ ದಾರಿಯೂ ಇಲ್ಲದಾಗಿನ ಕೊನೆಯ ಮೆಟ್ಟಿಲು.

6. ಸದಸ್ಯರು ಮಾಡಬಹುದಾದದ್ದು

ಗಣಕಯಂತ್ರವನ್ನು ನಡೆಸುವುದು ಸಿಬ್ಬಂದಿಯ ಕೆಲಸ. ದಾಖಲೆ ಉಳಿಯುವಂತೆ ನೋಡಿಕೊಳ್ಳುವುದು ಪಂಚಾಯತಿಯ ಹೊಣೆ. ಮಾಹಿತಿ ಹಕ್ಕು ಅಧಿನಿಯಮ, 2005ರ 4(1)(ಎ) ಪ್ರಕರಣವು ಸಾರ್ವಜನಿಕ ಪ್ರಾಧಿಕಾರಗಳು ತಮ್ಮ ದಾಖಲೆಗಳನ್ನು ಪಟ್ಟಿ ಮತ್ತು ಸೂಚಿಯೊಂದಿಗೆ ಕ್ರಮವಾಗಿ ಇರಿಸಬೇಕೆಂದು ವಿಧಿಸುತ್ತದೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 7ನೇ ಪ್ರಕರಣವು ವಿದ್ಯುನ್ಮಾನ ರೂಪದಲ್ಲಿ ಇರಿಸಿದ ದಾಖಲೆ ಮುಂದೆ ಬೇಕಾದಾಗ ತೆರೆದು ನೋಡಲು ಸಾಧ್ಯವಾಗುವಂತೆ ಇರಬೇಕೆಂದು ಹೇಳುತ್ತದೆ. ತೆರೆಯಲಾಗದ ಹಾರ್ಡ್ ಡಿಸ್ಕ್ ಕಪಾಟಿನಲ್ಲಿದ್ದರೆ ಈ ಹೊಣೆ ತೀರಿದಂತಾಗುವುದಿಲ್ಲ.

ಆದುದರಿಂದ ತಮ್ಮ ಪಂಚಾಯತಿಯ ಸಾಮಾನ್ಯ ಸಭೆಯಲ್ಲಿ ಕೆಳಕಂಡ ಪ್ರಶ್ನೆಗಳನ್ನು ಕೇಳಬಹುದು.

(1) ಕೇಂದ್ರೀಯ ತಂತ್ರಾಂಶಗಳಲ್ಲಿ ಇಲ್ಲದ, ನಮ್ಮ ಗಣಕಯಂತ್ರದಲ್ಲಿ ಮಾತ್ರ ಇರುವ ದಾಖಲೆಗಳು ಯಾವುವು? ಅವುಗಳ ಪಟ್ಟಿ ಇದೆಯೇ?

(2) ಅವುಗಳ ಪ್ರತಿಗಳು ಎಷ್ಟಿವೆ, ಎಲ್ಲೆಲ್ಲಿವೆ? ತಂತ್ರಜ್ಞರು ಸಾಮಾನ್ಯವಾಗಿ ಹೇಳುವ ನಿಯಮ: ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದಾದರೂ ಬೇರೆ ಸ್ಥಳದಲ್ಲಿ. ಭೀಮಾ ಮತ್ತು ಅಮರ್ಜಾ ತೀರದ ಪಂಚಾಯತಿಗಳಿಗೆ ಈ ಬೇರೆ ಸ್ಥಳ ನೀರು ತಲುಪದ ಎತ್ತರದಲ್ಲಿ ಇರುವುದು ಅಗತ್ಯ. ಆ ಸ್ಥಳ ಯಾರ ಮನೆಯೂ ಆಗಿರಬಾರದು. ಜನರ ಆಧಾರ್, ಬ್ಯಾಂಕ್ ವಿವರಗಳು ಅದರಲ್ಲಿರುವುದರಿಂದ ಅನುಮತಿ ಪಡೆದು ಇನ್ನೊಂದು ಸರ್ಕಾರಿ ಕಚೇರಿಯ ಬೀಗದೊಳಗೆ ಇಡಬೇಕು.

(3) ಪ್ರತಿಯನ್ನು ಕೊನೆಯ ಬಾರಿ ತೆಗೆದದ್ದು ಯಾವಾಗ, ಅದನ್ನು ತೆರೆದು ನೋಡಿದ್ದು ಯಾವಾಗ? ಮೂರು ತಿಂಗಳಿಗೊಮ್ಮೆ ಸಭೆಯ ಎದುರಿನಲ್ಲಿಯೇ ಹಳೆಯ ಯಾವುದಾದರೂ ಒಂದು ಕಡತವನ್ನು ಪ್ರತಿಯಿಂದ ತೆರೆದು ತೋರಿಸಲು ಕೇಳಬಹುದು. ಇದಕ್ಕೆ ಐದು ನಿಮಿಷ ಸಾಕು.

(4) ಯುಪಿಎಸ್ ಎಷ್ಟು ನಿಮಿಷ ನಿಲ್ಲುತ್ತದೆ? ಬ್ಯಾಟರಿ ಬದಲಾವಣೆಯ ಪ್ರಸ್ತಾವನೆ ಬಂದಾಗ ಅದನ್ನು ಅನಗತ್ಯ ವೆಚ್ಚವೆಂದು ಮುಂದೂಡಬಾರದೆಂದು ವಿನಂತಿ.

(5) ಪ್ರತಿಗಳ ಒಂದು ಸಣ್ಣ ವಹಿ ಇದೆಯೇ? ದಿನಾಂಕ, ಸಾಧನದ ಸಂಖ್ಯೆ, ಏನನ್ನು ನಕಲು ಮಾಡಲಾಯಿತು, ಯಾರು ಮಾಡಿದರು, ತೆರೆದು ಪರಿಶೀಲಿಸಲಾಯಿತೇ, ಸುರಕ್ಷಿತವಾಗಿ ಹೊರತೆಗೆಯಲಾಯಿತೇ ಎಂಬ ಆರು ಅಂಕಣಗಳಿದ್ದರೆ ಸಾಕು. ಸಾಧನವನ್ನು ಅವಸರದಲ್ಲಿ ಕಿತ್ತಿದ್ದರೆ ಅದನ್ನೂ ಬರೆಯಬೇಕು. ಬರೆದವರನ್ನು ಶಿಕ್ಷಿಸಬಾರದು, ಶಿಕ್ಷೆಯ ಭಯವಿದ್ದಲ್ಲಿ ತಪ್ಪುಗಳು ವಹಿಗೆ ಬರುವುದಿಲ್ಲ.

ಭೂಮಿ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ಭೂಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಣಗೊಳಿಸಿದಾಗ ಕೈಬರಹದ ಪಹಣಿಯ ಕಾಲ ಮುಗಿಯಿತು. 2013ರಲ್ಲಿ ಇ-ಸ್ವತ್ತು ಬಂದ ಮೇಲೆ ಗ್ರಾಮದ ಮನೆ ನಿವೇಶನಗಳಿಗೂ ನಮೂನೆ 9 ಮತ್ತು ನಮೂನೆ 11 ಗಣಕಯಂತ್ರದಿಂದಲೇ ಸಿಗತೊಡಗಿದವು. ಆದರೆ ಅಲ್ಲಿ ನಮೂದಾಗಬೇಕಾದ ಪ್ರತಿಯೊಂದು ಸಾಲಿಗೂ ಆಧಾರ ಹಳೆಯ ವಹಿಯ ಒಂದು ಹಾಳೆ. ಆ ಹಾಳೆಗಳ ಪ್ರತಿ ನಮ್ಮ ಕೈಯಲ್ಲಿರುವವರೆಗೆ ಅದನ್ನು ಉಳಿಸುವ ಕೆಲಸವೂ ನಮ್ಮದೇ.

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಎಲ್ಲ ಗ್ರಾಮ ಪಂಚಾಯತಿಗಳ ಸದಸ್ಯರು ಈ ಲೇಖನವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿಸಿ, ನಾಲ್ಕನೆಯ ಭಾಗದ ಕ್ರಮಗಳನ್ನು ಒಂದು ಹಾಳೆಯಲ್ಲಿ ಬರೆಸಿ ಗಣಕಯಂತ್ರದ ಪಕ್ಕದ ಗೋಡೆಗೆ ಅಂಟಿಸುವ ವ್ಯವಸ್ಥೆ ಮಾಡಬೇಕೆಂದು ಕೋರುತ್ತೇನೆ.

— ಪಂಚಾಯತ್ ಅಭಿವೃದ್ಧಿ ಅಧಿಕಾರಿ, ಕಲಬುರಗಿ ಜಿಲ್ಲೆ